ವೀರಗಲ್ಲಿನಲ್ಲಿ ತಾಯಿಗೆ ಜಾಗವಿಲ್ಲ

ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ, ಸುಮಾರು ಕ್ರಿ.ಶ. 890ರ ಹಳಗನ್ನಡ ಶಾಸನ ಹೇಳುವುದು ಇಷ್ಟೇ: ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತರು. ಒಡೆಯನ ಹೆಸರಿದೆ, ಊರಿನ ಹೆಸರಿದೆ. ಹೆತ್ತವಳ ಸುದ್ದಿಯಿಲ್ಲ. ಇದನ್ನು ಒಂದು ಕಲ್ಲಿನ ಮರೆವು ಎಂದು ಬಿಡುವಂತಿಲ್ಲ. ನಾಡಿನ ಊರಬಾಗಿಲುಗಳಲ್ಲಿ, ಕೆರೆ ಏರಿಗಳ ಮೇಲೆ ನಿಂತಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವು ಕಡೆ ತುರುಗಳ ಸಾಲು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಮೇಲೆ ಸೂರ್ಯಚಂದ್ರ. ಹೆಂಡತಿ ಸಹಗಮನ ಮಾಡಿದ್ದರೆ ಅವಳಿಗೆ ಬೇರೆಯೇ ಮಾಸ್ತಿಕಲ್ಲು, ಅದರ ಮೇಲೆ ಬಳೆ ತೊಟ್ಟು ಎತ್ತಿದ ಕೈ. ಎಳೆಯ ಹೆಣ್ಣಿನಿಂದ ಭಯಂಕರ ಬೆಲೆ ಕೇಳಿದ ಮೇಲಷ್ಟೇ ಆ ಕಲ್ಲು ಸಿಕ್ಕಿತು, ನಿಜ. ಆದರೆ ಬದುಕಿ ಉಳಿದು, ಮಗನಿಲ್ಲದ ಮನೆಯಲ್ಲಿ ಮುದುಕಿಯಾದವಳಿಗೆ ಅದೂ ಸಿಗಲಿಲ್ಲ. ಸಾವಿರ ವರ್ಷ ದಾಟಿದರೂ ಈ ಲೆಕ್ಕ ಹೆಚ್ಚು ಬದಲಾಗಿಲ್ಲ. ವೀರಮಾತೆ ಎಂದು ಕರೆದು ಶಾಲು ಹೊದಿಸಲು ವೇದಿಕೆಯಿದೆ. ಕಡತದಲ್ಲಿ ಅವಳಿಗೊಂದು ಕಾಲಂ ಇಲ್ಲ. ಸೈನಿಕನ ತಾಯಿಯ ದುಃಖವನ್ನೂ ನಿರೀಕ್ಷೆಯನ್ನೂ ನಾವು ಹೊಗಳಿ ಮುಗಿಸುತ್ತಿದ್ದೇವೆ. ಅವೆರಡೂ ನಾಡು ಅವಳಿಗೆ ತೀರಿಸಬೇಕಾದ ಸಾಲ ಎಂಬುದು ಈ ಲೇಖನದ ವಾದ.

ಮೊದಲು ನಿರೀಕ್ಷೆಯ ಮಾತು. ಸೈನಿಕನ ತಾಯಿ ಕಾಯುತ್ತಾಳೆ ಎಂದರೆ ಅದು ಕರುಳಿನ ಹುಚ್ಚು, ಸತ್ಯ ಒಪ್ಪಿಕೊಳ್ಳಲಾರದ ದೌರ್ಬಲ್ಯ ಎಂದು ನಾವು ಅಂದುಕೊಳ್ಳುತ್ತೇವೆ. ಅದು ತಪ್ಪು ಎನ್ನುವುದಕ್ಕೆ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರೇ ಸಾಕ್ಷಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ರಾಶಿ ಕುಸಿಯಿತು. ಆ ನೀರ್ಗಲ್ಲಿನ ಮೇಲೆ 2003ರ ನವೆಂಬರಿನಿಂದಲೇ ಕದನವಿರಾಮವಿತ್ತು. ಶತ್ರುವಿನ ಗುಂಡು ಹಾರದೆಯೇ 19ನೇ ಮದ್ರಾಸ್ ಪಡೆಯ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ. ಯಾರಾದರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆ ಎಂದು ಸೇನೆ ಮರುದಿನವೇ ಹೇಳಿತು. ಪ್ರಧಾನಿಯ ಸಂತಾಪವೂ ಬಂದಿತು. ಆದರೆ ಹಿಮ ಕೊರೆಯುವ ಯಂತ್ರ, ರೇಡಾರು, ಮೂಸಿ ಹುಡುಕುವ ನಾಯಿಗಳೊಂದಿಗೆ ಅಗೆತ ನಡೆದೇ ಇತ್ತು. ಬಾಯಲ್ಲಿ ಸಂತಾಪ, ಕೈಯಲ್ಲಿ ಗುದ್ದಲಿ. ಆರನೇ ದಿನ, 8ರಂದು, ಸುಮಾರು 25 ಅಡಿ ಹಿಮದಡಿ ಹನುಮಂತಪ್ಪ ಉಸಿರಾಡುತ್ತಿದ್ದುದು ಕಂಡಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರ ಬೆಳಿಗ್ಗೆ ಆ ಉಸಿರು ನಿಂತಿತು.

ಈ ಒಂಬತ್ತು ದಿನಗಳನ್ನು ಹೆತ್ತವರ ಕಡೆಯಿಂದ ಎಣಿಸಿ ನೋಡಬೇಕು. ಮೊದಲು ಸಾವಿನ ಸುದ್ದಿ, ಆಮೇಲೆ ಬದುಕಿನ ಸುದ್ದಿ, ಕೊನೆಗೆ ಮತ್ತೆ ಸಾವಿನ ಸುದ್ದಿ. ಹಾಗಾದರೆ ಐದು ದಿನ ಕಾದದ್ದು ಹುಚ್ಚೇ? ಸಂತಾಪ ಸೂಚಿಸಿದವರೇ ಅಗೆಯುವುದನ್ನು ಬಿಡದಿದ್ದಾಗ, ಮನೆಯಲ್ಲಿ ಕೂತವರು ಕಾಯುವುದನ್ನು ಬಿಡಬೇಕು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಒಬ್ಬ ಬದುಕಿ ಸಿಕ್ಕ ಎಂಬ ಸುದ್ದಿ ಹೊರಬಿದ್ದ ಆ ರಾತ್ರಿ ಉಳಿದ ಒಂಬತ್ತು ಮನೆಗಳಲ್ಲಿ ಆರಿದ್ದ ಒಲೆ ಮತ್ತೆ ಹೊಗೆಯಾಡಿರಲೇಬೇಕು: ಅವನು ಇದ್ದನೆಂದರೆ ನಮ್ಮವನೂ ಇರಬಾರದೇಕೆ? ನಿರೀಕ್ಷೆ ಹುಟ್ಟುವುದು ಇಂಥ ಅರ್ಧ ಸುದ್ದಿಯ ಸಂದಿಯಲ್ಲಿ. ಸುದ್ದಿ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ, ಜವಾಬ್ದಾರಿಯುಳ್ಳ ಬಾಯಿಂದ ಬಂದರೆ ತಾಯಿ ಅದನ್ನು ತಾಳಿಕೊಳ್ಳುತ್ತಾಳೆ. ಟಿ.ವಿ. ಪರದೆಯ ಕೆಳಗೆ ಓಡುವ ಅಕ್ಷರಗಳಿಂದ ಬಂದರೆ ಪ್ರತಿ ಗಂಟೆಗೂ ಅವಳು ಒಮ್ಮೆ ಸತ್ತು ಒಮ್ಮೆ ಹುಟ್ಟಬೇಕಾಗುತ್ತದೆ.

ಸುದ್ದಿಯೇ ಬಾರದಿದ್ದರೆ? 1971ರ ಯುದ್ಧದಲ್ಲಿ ಸೆರೆಸಿಕ್ಕ ಸುಮಾರು 93,000 ಪಾಕಿಸ್ತಾನೀಯರನ್ನು ಭಾರತ ಹಿಂದಕ್ಕೆ ಕಳಿಸಿತು. ಅತ್ತ ಸೆರೆಯಲ್ಲಿದ್ದಾರೆಂದು ನಂಬಲಾದ ನಮ್ಮ 54 ಮಂದಿ ಮಾತ್ರ ಬರಲಿಲ್ಲ. ಅವರು ತನ್ನಲ್ಲಿಲ್ಲ ಎಂದೇ ಪಾಕಿಸ್ತಾನ ಹೇಳುತ್ತ ಬಂದಿದೆ. 1983ರಲ್ಲೊಮ್ಮೆ, 2007ರಲ್ಲೊಮ್ಮೆ ಬಂಧುಗಳು ಅಲ್ಲಿನ ಜೈಲುಗಳಿಗೆ ಹೋಗಿ ಬರಿಗೈಲಿ ಮರಳಿದರು. ಏಳು ವರ್ಷ ಸುಳಿವಿಲ್ಲದವನನ್ನು ಸತ್ತನೆಂದು ಭಾವಿಸಬಹುದು ಎನ್ನುವ 1872ರ ಸಾಕ್ಷ್ಯ ಕಾಯಿದೆಯ 108ನೇ ಕಲಂ, 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದುಕೊಂಡಿದೆ. ಆಸ್ತಿ ಹಂಚಲು, ಪಿಂಚಣಿ ಕೊಡಲು ಇಂಥದೊಂದು ಗಡುವು ಬೇಕು. ಆದರೆ ಗಡುವು ಮುಗಿಯಿತೆಂದು ಹುಡುಕುವ ಹೊಣೆಯೂ ಮುಗಿಯಬೇಕಾಗಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲಿನ 32ನೇ ವಿಧಿ, ತಮ್ಮವರ ಗತಿ ಏನಾಯಿತೆಂದು ತಿಳಿಯುವುದು ಕುಟುಂಬದ ಹಕ್ಕು ಎಂದೇ ಹೇಳುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕದಿರಲು ರಾಜತಾಂತ್ರಿಕ ಕಾರಣಗಳಿರಬಹುದು. ಆ ಒಂದು ವಿಧಿಯ ತಿರುಳನ್ನು ನಮ್ಮದೇ ನಿಯಮವಾಗಿ ಬರೆದುಕೊಳ್ಳಲು ಯಾವ ಕಾರಣವೂ ಅಡ್ಡಬರುವುದಿಲ್ಲ.

ಇನ್ನು ದುಃಖದ ಪಾಲು. ಆ ದುಃಖಕ್ಕೆ ಕಾನೂನು ಏನು ಕೊಡುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಾಗರಬಾವಿಯಿಂದಲೇ ಕೇಳುವುದು ಸೂಕ್ತ. ದೇಶದ ಹೆಸರಾಂತ ಕಾನೂನು ಶಾಲೆ ಇರುವುದು ಈ ಬಡಾವಣೆಯಲ್ಲಿ. ಅಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಓದುವ ವಿದ್ಯಾರ್ಥಿಗೆ ಒಂದು ವಿಚಿತ್ರ ಕಂಡೇ ಕಾಣುತ್ತದೆ. 1956ರ ಆ ಕಾಯಿದೆ ಸತ್ತ ಮಗನ ಆಸ್ತಿಗೆ ತಾಯಿಯನ್ನು ಮೊದಲ ವರ್ಗದ ವಾರಸುದಾರಳನ್ನಾಗಿ, ಹೆಂಡತಿ ಮಕ್ಕಳ ಸಾಲಿನಲ್ಲೇ ಕೂರಿಸಿದೆ. ತಂದೆ ಎರಡನೇ ವರ್ಗದವನು. ಆಗಿನ ವಿಮಾ ಕಾನೂನಿನಂತೆ ನಾಮಿನಿ ಹಣ ಈಸಿಕೊಳ್ಳುವ ಕೈ ಮಾತ್ರ, ಹಣ ವಾರಸುದಾರರದು ಎಂದು ಸುಪ್ರೀಂ ಕೋರ್ಟು 1984ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆದರೆ ಕುಟುಂಬ ಪಿಂಚಣಿ ಸತ್ತವನ ಆಸ್ತಿಯೇ ಅಲ್ಲ, ನಿಯಮ ಹೇಳಿದವರಿಗೆ ಮಾತ್ರ ಸಲ್ಲತಕ್ಕದ್ದು ಎಂದು ಅದೇ ನ್ಯಾಯಾಲಯ 1991ರಲ್ಲಿ ವಯಲೆಟ್ ಐಸಾಕ್ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಮದುವೆಯಾದ ಮಗ ಬಿಟ್ಟುಹೋದ ಸೈಟಿನಲ್ಲಿ ತಾಯಿಗೆ ಪಾಲುಂಟು, ಅವನ ಪ್ರಾಣದ ಬೆಲೆಯಾಗಿ ತಿಂಗಳು ತಿಂಗಳು ಬರುವ ಹಣದಲ್ಲಿಲ್ಲ. ಸೇನೆಯ ಕಡತದಲ್ಲಿ ಹತ್ತಿರದ ಬಂಧು ಎಂಬ ಜಾಗದಲ್ಲಿ ಮೊದಲು ತಂದೆತಾಯಿಯ ಹೆಸರಿರುತ್ತದೆ. ಮದುವೆಯಾದೊಡನೆ ಅಲ್ಲಿಗೆ ಹೆಂಡತಿಯ ಹೆಸರು ಬರುತ್ತದೆ. ಹಾಗೆ ಬರುವುದು ನ್ಯಾಯವೇ. ಆದರೆ ಒಂದು ಹೆಸರು ಬರಲು ಇನ್ನೊಂದು ಹೋಗಲೇಬೇಕೇ?

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಎಳೆಯ ವಯಸ್ಸಿನ ವಿಧವೆಯ ಮುಂದೆ ಇಡೀ ಬದುಕಿದೆ, ಮಕ್ಕಳಿದ್ದಾರೆ. ಅವಳ ಪಾಲು ಒಡೆದರೆ ಅತ್ತೆ ಸೊಸೆಯರ ನಡುವೆ ಸರ್ಕಾರವೇ ಜಗಳ ತಂದಿಟ್ಟಂತಾಗುತ್ತದೆ ಎನ್ನುತ್ತಾರೆ. 2023ರಲ್ಲಿ ಸಿಯಾಚಿನ್ ಬೆಂಕಿಯಲ್ಲಿ ಮಡಿದು ಕೀರ್ತಿಚಕ್ರ ಪಡೆದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ತಂದೆತಾಯಿ ಮರುವರ್ಷ ಈ ನಿಯಮ ಬದಲಿಸಿ ಎಂದು ಕೇಳಿದಾಗ ಆದದ್ದೂ ಅದೇ. ದೇಶ ಎರಡು ಪಾಳಯವಾಯಿತು. ಗಂಡನನ್ನು ಕಳೆದುಕೊಂಡ ಹುಡುಗಿಯ ಮೇಲೆ ಜಾಲತಾಣಗಳಲ್ಲಿ ಕೊಳಕು ಮಾತುಗಳು ಬಿದ್ದವು. ಆದರೆ ಆ ಜಗಳದ ಬೇರು ಎಲ್ಲಿದೆ? ಒಂದೇ ಹೆಸರಿಗೆ ಜಾಗವಿರುವ ಕಾಲಂನಲ್ಲಿ. ಇಬ್ಬರು ಕೂರಬೇಕಾದಲ್ಲಿ ಒಂದೇ ಮಣೆ ಹಾಕಿದವರು, ಯಾರು ಯಾರನ್ನು ತಳ್ಳಿದರು ಎಂದು ಪಂಚಾಯಿತಿ ಮಾಡಬಾರದು. ಅದೇ ಪ್ರಕರಣದಲ್ಲಿ ಉತ್ತರ ಪ್ರದೇಶ ಸರ್ಕಾರ ತನ್ನ 50 ಲಕ್ಷ ರೂಪಾಯಿ ಪರಿಹಾರವನ್ನು ಪತ್ನಿಗೆ 35, ತಂದೆತಾಯಿಗೆ 15 ಎಂದು ಮೊದಲೇ ಹಂಚಿತ್ತು. ಅಂಥ ದಾರಿ ಇದೆ ಎಂದಾಯಿತು. ವಿಧವೆಯ ಪಿಂಚಣಿಯಿಂದ ಒಂದು ರೂಪಾಯಿಯೂ ಕಡಿಯದೆ, ಮಗನ ದುಡಿಮೆಯನ್ನೇ ನಂಬಿದ್ದ ತಾಯಿಗೆ ಬೇರೆಯದೇ ಚಿಕ್ಕ ಮಾಸಾಶನ ಕೊಟ್ಟರೆ ಬೊಕ್ಕಸ ಬರಿದಾಗುವುದಿಲ್ಲ. ಎಲ್ಲಕ್ಕಿಂತ ಮೊದಲು ಬೇಕಾದದ್ದಕ್ಕೆ, ಅಂದರೆ ಸುದ್ದಿಗೆ, ಖರ್ಚೇ ಇಲ್ಲ. ಹಣವನ್ನು ಹಂಚಿದರೆ ಕಡಿಮೆಯಾದೀತು. ಸುದ್ದಿ ಇಬ್ಬರಿಗೆ ಹೇಳಿದರೆ ಕಡಿಮೆಯಾಗುವುದಿಲ್ಲ.

ಎರಡನೆಯ ಆಕ್ಷೇಪ ದೇಶಾಭಿಮಾನದ ಕಡೆಯಿಂದ ಬರುತ್ತದೆ. ತಾಯಂದಿರ ಕಣ್ಣೀರನ್ನು ಹೀಗೆ ಮುಂದೆ ತಂದರೆ ಪಡೆಗೆ ಸೇರುವವರ ಎದೆ ಕುಗ್ಗುತ್ತದೆ, ವೀರಮಾತೆ ಅಳಬಾರದು ಎಂಬುದು ಅದರ ಸಾರ. ಹೇಡಿಯಾಗಿ ಮರಳಿದ ಮಗನನ್ನು ಬೈದು ಮತ್ತೆ ರಣಕ್ಕೆ ಕಳಿಸಿದ ವಿದುಲೆಯ ಕಥೆಯನ್ನು ಮಹಾಭಾರತದಿಂದ ತೆಗೆದು ತೋರಿಸುವವರಿದ್ದಾರೆ. ಆ ಕಥೆಯನ್ನು ಹೇಳಿಕಳಿಸಿದವಳು ಕುಂತಿ ಎಂಬುದು ನಿಜ. ಯುದ್ಧ ಮುಗಿದ ಮೇಲೆ ಕರ್ಣ ನನ್ನ ಮಗ ಎಂದು ಎಲ್ಲರೆದುರು ಬಾಯಿಬಿಟ್ಟು ಅತ್ತವಳೂ ಅದೇ ಕುಂತಿ. ನಮ್ಮ ರನ್ನನಂತೂ, ಬೇಗೂರು ಶಾಸನದ ನಂತರ ಸುಮಾರು ಒಂದು ಶತಮಾನದಲ್ಲಿ ಬರೆದ ಗದಾಯುದ್ಧದಲ್ಲಿ, ಗಾಂಧಾರಿಯನ್ನು ಧೃತರಾಷ್ಟ್ರನೊಂದಿಗೆ ಕುರುಕ್ಷೇತ್ರಕ್ಕೇ ಕರೆತಂದ. ಉಳಿದ ಒಬ್ಬ ಮಗನಾದರೂ ಉಳಿಯಲಿ, ಸಂಧಿ ಮಾಡಿಕೋ ಎಂದು ಅವರಿಬ್ಬರೂ ದುರ್ಯೋಧನನನ್ನು ಬೇಡುತ್ತಾರೆ. ಆ ಬೇಡಿಕೆಯಿಂದ ಕಾವ್ಯದ ವೀರರಸ ಒಂದು ಹನಿಯೂ ತಗ್ಗಿಲ್ಲ. ಶಿಲ್ಪಿ ಕೊಡದ ಪಟ್ಟಿಕೆಯನ್ನು ಕವಿ ಕೊಟ್ಟ. ಈ ಕಾಲದ ದೇಶಗಳೂ ತಾಯಿಯ ಅಳಲಿಗೆ ಹೆದರಬೇಕಾಗಿಲ್ಲ. ಮೊದಲ ಮಹಾಯುದ್ಧದಲ್ಲಿ ಮಡಿದು ಯೂರೋಪಿನ ಮಣ್ಣಿನಲ್ಲೇ ಉಳಿದವರ ಸಮಾಧಿ ಕಾಣಲೆಂದು, 1930ರಿಂದ 1933ರವರೆಗೆ ಅಮೆರಿಕ 6,000ಕ್ಕೂ ಹೆಚ್ಚು ತಾಯಂದಿರನ್ನೂ ವಿಧವೆಯರನ್ನೂ ಸರ್ಕಾರಿ ಖರ್ಚಿನಲ್ಲಿ ಹಡಗು ಹತ್ತಿಸಿ ಕಳಿಸಿತು. ಅದರಿಂದ ಅಮೆರಿಕದ ಸೇನೆಯೇನೂ ಸೊರಗಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಬೆಂಗಳೂರಿನ ನೆಹರೂ ತಾರಾಲಯದ ಹತ್ತಿರ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕಾಗಿ ಏಕಶಿಲೆಯ ಭಾರಿ ವೀರಗಲ್ಲೊಂದನ್ನು ನಿಲ್ಲಿಸಿದ್ದೇವೆ. ಇನ್ನೊಂದು ಕಲ್ಲು ಬೇಡ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯೂ ಇದೇ ನಾಗರಬಾವಿಯಲ್ಲಿದೆ. ಮಡಿದ ಸೈನಿಕರ ತಂದೆತಾಯಿ ಇವತ್ತು ಏನು ತಿಂದು ಹೇಗೆ ಬದುಕಿದ್ದಾರೆ ಎಂಬ ಸಮೀಕ್ಷೆಗೆ ಅದಕ್ಕಿಂತ ತಕ್ಕ ಜಾಗವಿಲ್ಲ. ಪಕ್ಕದ ಕಾನೂನು ಶಾಲೆ ನಿಯಮದ ಕರಡು ಬರೆಯಬಹುದು. ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ಪ್ರತಿ ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯನ್ನು, ಮೊದಲ ದಿನದ ಸುದ್ದಿಯಿಂದ ವರ್ಷದ ತಿಥಿಯವರೆಗೆ, ಆ ಮನೆಯ ಹೊಣೆಗೆಂದೇ ಹೆಸರಿಸಬಹುದು. ಇವೆಲ್ಲಕ್ಕೂ ಮೊದಲು ಒಂದು ಸಣ್ಣ ಕೆಲಸವಿದೆ. ಪಡೆಗೆ ಸೇರಿದ ಹುಡುಗ ತುಂಬುವ ಅರ್ಜಿಯಲ್ಲಿ, ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಎಳೆಯಬೇಕು. ಮದುವೆಯಾದ ಮೇಲೆ ಅವನು ಮೊದಲ ಸಾಲಿನಲ್ಲಿ ಹೆಂಡತಿಯ ಹೆಸರು ಬರೆಯಲಿ. ಎರಡನೆಯದನ್ನು ಅಳಿಸುವುದು ಬೇಡ.