ಸತ್ತ ಮಂಗಗಳ ಜಾಡು ಹಿಡಿದು

1957ರ ಬೇಸಿಗೆ. ಆಗಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕು. ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದರು. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿಯುವ ನೋವು, ಏಳಲಾಗದ ಸುಸ್ತು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಟೈಫಾಯ್ಡ್ ಇರಬೇಕೆಂದು ಮೊದಲು ಅಂದುಕೊಂಡರು. ಆದರೆ ಅದೇ ದಿನಗಳಲ್ಲಿ ಕಾಡಿನೊಳಗೆ ಕರಿಮೂತಿಯ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳುತ್ತಿದ್ದವು. ಟೈಫಾಯ್ಡ್ ಆಗಿದ್ದರೆ ಮಂಗ ಏಕೆ ಸಾಯಬೇಕು?

ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿನ ವಿಜ್ಞಾನಿಗಳಾದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಸೊರಬದ ಕಡೆಗೆ ಬಂದರು. ಅವರ ಮನಸ್ಸಿನಲ್ಲಿದ್ದದ್ದು ದೊಡ್ಡ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಜನರನ್ನು ಮುಟ್ಟುವ ಮೊದಲು ಮಂಗಗಳನ್ನು ಕೊಲ್ಲುತ್ತದೆ. ಏಷ್ಯಾಕ್ಕೆ ಕಾಲಿಡದಿದ್ದ ಆ ಜ್ವರ ಮಲೆನಾಡಿಗೆ ಬಂದುಬಿಟ್ಟಿತೇ? ರೋಗಿಗಳ ರಕ್ತದಲ್ಲೂ ಸತ್ತ ಮಂಗಗಳ ದೇಹದಲ್ಲೂ ಸಿಕ್ಕ ವೈರಸ್ ಅದಲ್ಲ ಎಂದು ತಿಳಿಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ ಬಂಧು. ಹೊಸ ರೋಗಕ್ಕೆ ಕಾಡಿನ ಹೆಸರನ್ನೇ ಇಟ್ಟರು. ಜನ ಮಾತ್ರ ಮಂಗನ ಕಾಯಿಲೆ ಎಂದೇ ಕರೆದರು.

ವೈರಸ್ ಸಿಕ್ಕಿತೆಂದರೆ ರೋಗ ಅರ್ಥವಾಯಿತು ಎಂದಲ್ಲ. ವೈದ್ಯರು ಒಬ್ಬ ರೋಗಿಯನ್ನು ನೋಡಿದರೆ ಸಾಂಕ್ರಾಮಿಕ ರೋಗಶಾಸ್ತ್ರ ಇಡೀ ಊರನ್ನು ನೋಡುತ್ತದೆ, ಕಾಯಿಲೆ ಬೀಳದವರನ್ನೂ ಸೇರಿಸಿ. ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು ಎಂಬ ಮೂರು ಪ್ರಶ್ನೆಗಳೇ ಅದರ ಬಂಡವಾಳ. ಕೇಳುವ ಮುನ್ನ ಒಂದು ಕಟ್ಟುಪಾಡು ಬೇಕು: ಎಂಥ ಜ್ವರವನ್ನು ಈ ರೋಗವೆಂದು ಎಣಿಸಬೇಕು? ಅದನ್ನು ಗಟ್ಟಿಮಾಡಿಕೊಳ್ಳದೆ ಎಣಿಸಿದರೆ ಊರಿನ ನೆಗಡಿ, ಮಲೇರಿಯಾಗಳೆಲ್ಲ ಲೆಕ್ಕದೊಳಗೆ ಬಂದು ಕೂರುತ್ತವೆ.

ಯಾವಾಗ ಎಂಬ ಪ್ರಶ್ನೆಯೇ ಇಲ್ಲಿ ಬೀಗದ ಕೈ. ಡಿಸೆಂಬರಿನಿಂದ ಮೇವರೆಗೆ ರೋಗ. ಮಳೆ ಹಿಡಿದರೆ ಅದು ಅಡಗುತ್ತದೆ. ಈ ವೈರಸ್ಸನ್ನೂ ಹೊತ್ತು ಹರಡುವ ಉಣುಗಿನ ಬದುಕೂ ಹಾಗೆಯೇ ಸಾಗುತ್ತದೆ. ಎಳ್ಳಿಗಿಂತ ಸಣ್ಣ ಮರಿ ಉಣುಗುಗಳು ನೆಲದ ಒಣ ಎಲೆಗಳಲ್ಲಿ ತುಂಬಿರುವುದು ಆ ತಿಂಗಳುಗಳಲ್ಲೇ, ಮನುಷ್ಯರನ್ನು ಕಚ್ಚುವುದೂ ಹೆಚ್ಚಾಗಿ ಅವೇ. ಗದ್ದೆ ಕೊಯ್ಲು ಮುಗಿಸಿದ ಮಲೆನಾಡಿನ ಜನ ಒಣ ಎಲೆಯ ದರಕು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡು ಹೊಗುವುದೂ ಆಗಲೇ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಆದ್ದರಿಂದ ಜ್ವರ ಬಂದ ದಿನದಿಂದ ಹಿಂದಕ್ಕೆ ಎಣಿಸಿ, ಆ ವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಬೇಕು. ಉತ್ತರ ಕಾಡಿನ ಕಡೆಗೇ ಕೈತೋರುತ್ತದೆ. ರೋಗಿಯ ಪಕ್ಕ ಕೂತು ಗಂಜಿ ಕುಡಿಸಿದವರಿಗೆ ಅದರಿಂದ ರೋಗ ತಗಲುವುದಿಲ್ಲ.

ಅಂಕಿಗಳಿಗೆ ಬಂದರೆ ಎಚ್ಚರ ಬೇಕು. 1957ರಲ್ಲಿ ದಾಖಲಾದ ರೋಗಿಗಳು 466, ಮರುವರ್ಷ 181. ರೋಗ ಇಳಿಯಿತೇ? ಇಷ್ಟರಿಂದಲೇ ಹೇಳಲಾಗದು. ಎಷ್ಟು ಜನರಿರುವ ಊರುಗಳಲ್ಲಿ 181, ಅವರಲ್ಲಿ ಕಾಡಿಗೆ ಹೋದವರೆಷ್ಟು ಎಂಬ ಛೇದ ಕೆಳಗಿರದಿದ್ದರೆ ಮೇಲಿನ ಅಂಕಿ ಬರೀ ಅಂಕಿ. ಮಂಗನ ಕಾಯಿಲೆ ಬಂದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆ ಎನ್ನುವಾಗ ಛೇದ ರೋಗಿಗಳು. ಊರಿನ ನೂರು ಮಂದಿಯಲ್ಲಿ ಎಷ್ಟು ಜನರಿಗೆ ಬಂತು ಎನ್ನುವಾಗ ಛೇದ ಊರು. ಪತ್ರಿಕೆಗಳಲ್ಲಿ ಈ ಎರಡು ಇಂದಿಗೂ ಕಲಸಿಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ವೈರಸ್ ರಷ್ಯಾದ ಬಂಧುವಾದರೆ ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳು ಉಣುಗು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿ ಅವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಹಿಡಿದರು. ಹಕ್ಕಿಗಳ ದಾರಿಯ ಬಗ್ಗೆ ಅಪಾರ ತಿಳಿವಳಿಕೆ ಸಿಕ್ಕಿತು. ಹಕ್ಕಿಗಳೇ ರೋಗ ತಂದವೆಂದು ಸಾಬೀತಾಗಲಿಲ್ಲ. ಹೋರ್ಹೆ ಬೊಶೆಲ್, ಪಿ.ಕೆ. ರಾಜಗೋಪಾಲನ್ ಮುಂತಾದ ಸಂಶೋಧಕರು ಉತ್ತರ ಹುಡುಕಿದ್ದು ಕಾಡು ಮತ್ತು ಊರು ಕೂಡುವ ಜಾಗದಲ್ಲಿ. ದನಗಳು ವೈರಸ್ಸನ್ನು ಹರಡುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ಹೊಟ್ಟೆತುಂಬ ರಕ್ತ ಕೊಡುತ್ತವೆ. ಕಾಡು ಕಡಿದು ಊರು ಒಳಸರಿದಂತೆ, ದನ ಒಳಗೆ ಮೇದಂತೆ, ಉಣುಗು ಹೆಚ್ಚಿತು. ವೈರಸ್, ಅದು ಸೇರುವ ಜೀವ, ಇವೆರಡನ್ನು ಭೇಟಿ ಮಾಡಿಸುವ ಪರಿಸರ: ಮೂರೂ ಕೂಡಿದರೆ ರೋಗ.

ಈ ರೋಗಕ್ಕೆ ಕೊಡುತ್ತಿದ್ದ ಲಸಿಕೆಯನ್ನು ತೂಗಿದ್ದೂ ಹೋಲಿಕೆಯ ತಕ್ಕಡಿಯಲ್ಲೇ. 2005ರಿಂದ 2010ರವರೆಗೆ ಲಸಿಕೆ ಪಡೆದವರಲ್ಲಿ, ಪಡೆಯದವರಲ್ಲಿ ರೋಗ ಬಂದ ಪ್ರಮಾಣವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎರಡು ಡೋಸ್ ಕೊಟ್ಟ ರಕ್ಷಣೆ ಸುಮಾರು ಶೇ 62 ಮಾತ್ರ. ಅದರ ಮೇಲೆ ಬೂಸ್ಟರ್ ಪಡೆದವರಿಗೆ ಶೇ 83ರಷ್ಟು. ಆ ಹೊತ್ತಿಗೆ ರೋಗ ಸೊರಬ ದಾಟಿ ಸಹ್ಯಾದ್ರಿಯ ಉದ್ದಕ್ಕೂ ಹಬ್ಬತೊಡಗಿತ್ತು. ಮುಂದೆ ವಯನಾಡು, ಗೋವಾ, ಸಿಂಧುದುರ್ಗಗಳಿಗೂ ಹೋಯಿತು. ಆ ಲಸಿಕೆಯನ್ನು ಈಗ ನಿಲ್ಲಿಸಲಾಗಿದೆ.

ಹಾಗಾಗಿ ಕಾವಲು ಮತ್ತೆ ಕಾಡಂಚಿನ ಜನರ ಕಣ್ಣಿಗೇ ಬಂದಿದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಆ ನೆಲವನ್ನೇ ಅಪಾಯದ ಜಾಗ ಮಾಡುತ್ತವೆ. ಸುತ್ತ 50 ಮೀಟರಿಗೆ ಔಷಧದ ಪುಡಿ ಎರಚುವುದು ಅದಕ್ಕೇ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಹೋಗಬೇಡಿ. ಅಂದೇ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಯವರಿಗೋ ತಿಳಿಸಿ. ಕಾಡಿಗೆ ಹೋಗಿಬಂದ ವಾರದೊಳಗೆ ಜ್ವರ ಬಂದರೆ, ಹೋಗಿದ್ದ ಜಾಗವನ್ನೂ ದಿನವನ್ನೂ ವೈದ್ಯರಿಗೆ ಮರೆಯದೆ ಹೇಳಿ.