ಗರ್ಭಪರೀಕ್ಷೆಗಳ ಪ್ರಾಮಾಣ್ಯ

ಔಷಧದ ಅಂಗಡಿಯಿಂದ ಪಟ್ಟಿಯೊಂದನ್ನು ತಂದು ಮನೆಯಲ್ಲಿಯೇ ಗರ್ಭವನ್ನು ನಿರ್ಣಯಿಸಿಕೊಳ್ಳುವುದು ಇಂದು ಸಾಮಾನ್ಯವಾದ ಸಂಗತಿ. ನಮ್ಮ ದೇಶದಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಹಂಚಲಾದ ಸರಕಾರಿ ಪಟ್ಟಿಗೆ ‘ನಿಶ್ಚಯ್’ ಎಂದೇ ಹೆಸರಿಟ್ಟರು. ಈ ನಿಶ್ಚಯವು ಎಷ್ಟರ ಮಟ್ಟಿನದು? ಮೂತ್ರಪರೀಕ್ಷೆಯು ಸಂದೇಹಾಸ್ಪದ, ರಕ್ತಪರೀಕ್ಷೆಯು ನಿರ್ದುಷ್ಟ ಎಂಬ ಜನರ ನಂಬಿಕೆ ಸಾಧುವೆ? ಈ ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಬಹುದು.

ಎರಡು ಪರೀಕ್ಷೆಗಳೂ ಹುಡುಕುವುದು ಒಂದೇ ವಸ್ತುವನ್ನು. ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಮೇಲೆ, ಮುಂದೆ ಮಾಸಾಗಿ ಬೆಳೆಯುವ ಜೀವಕೋಶಗಳಿಂದ ಎಚ್‌.ಸಿ.ಜಿ. ಎಂಬ ಹಾರ್ಮೋನು ತಾಯಿಯ ರಕ್ತವನ್ನು ಸೇರಿ, ಅಲ್ಲಿಂದ ಮೂತ್ರಕ್ಕೆ ಇಳಿಯುತ್ತದೆ. 1927-28ರಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಅವುಗಳ ಅಂಡಾಶಯದಲ್ಲಾದ ವ್ಯತ್ಯಾಸದಿಂದ ಗರ್ಭವನ್ನು ಗುರುತಿಸಿದರು. 1960ರಲ್ಲಿ ಸ್ವೀಡನ್ನಿನ ವಿದ್ವಾಂಸರಾದ ವೀಡೆ ಮತ್ತು ಗೆಮ್ಜೆಲ್ ಪ್ರಾಣಿಗಳ ಬದಲು, ಹಾರ್ಮೋನನ್ನು ಹಿಡಿಯಬಲ್ಲ ಪ್ರತಿಕಾಯಗಳನ್ನು ಬಳಸಿದರು. ಇಂದಿನ ಪಟ್ಟಿಗಳೂ ಪ್ರಯೋಗಾಲಯದ ಯಂತ್ರಗಳೂ ಪ್ರತಿಕಾಯಗಳನ್ನೇ ಅವಲಂಬಿಸಿವೆ.

ತಪ್ಪಿಗೆ ಮೊದಲನೆಯ ಕಾರಣ ಕಾಲ. ಅಂಡವು ಹೊರಬಿದ್ದ ಸುಮಾರು 8-10 ದಿನಗಳಲ್ಲಿ ಭ್ರೂಣವು ನೆಲೆಗೊಳ್ಳುವುದು ವಾಡಿಕೆ. ಅನಂತರ ಹಾರ್ಮೋನು ಹೆಚ್ಚುಕಡಿಮೆ ಎರಡು ದಿನಗಳಿಗೊಮ್ಮೆ ಇಮ್ಮಡಿಸುತ್ತದೆ. ರಕ್ತಪರೀಕ್ಷೆಯು ಮಿಲಿಲೀಟರಿಗೆ 5 ಮಿಲಿ-ಏಕಮಾನಗಳಷ್ಟನ್ನು ಕಾಣಬಲ್ಲುದಾದರೆ, ಸಾಮಾನ್ಯ ಪಟ್ಟಿಗೆ 20-25 ಮಿಲಿ-ಏಕಮಾನಗಳಾದರೂ ಬೇಕು. ಆದುದರಿಂದ ಮುಟ್ಟಿನ ದಿನಕ್ಕೆ ಮುಂಚೆ ಪಟ್ಟಿಯು ‘ಇಲ್ಲ’ ಎಂದರೆ ‘ಇನ್ನೂ ಕಾಣದು’ ಎಂದಷ್ಟೇ ತಿಳಿಯತಕ್ಕದ್ದು. ಡಬ್ಬಿಯ ಮೇಲೆ ಅಚ್ಚಾದ ಶೇಕಡಾ 99 ಎಂಬ ಅಂಕಿ ಆ ದಿನಗಳಿಗೆ ಸಲ್ಲದು. ಮುಟ್ಟು ತಪ್ಪಿದ ಒಂದು ವಾರದ ಮೇಲೆ, ಬೆಳಗಿನ ಮೊದಲ ಮೂತ್ರದಿಂದ ಪುನಃ ಪರೀಕ್ಷಿಸುವುದು ಉಚಿತ.

ಹಾಗಾದರೆ ರಕ್ತಪರೀಕ್ಷೆಯು ಎಂದೂ ತಪ್ಪದೆ? ಕೆಲವರ ರಕ್ತದಲ್ಲಿರುವ ಬೇರೆ ಪ್ರತಿಕಾಯಗಳು ಪರೀಕ್ಷೆಯ ಪ್ರತಿಕಾಯಗಳಿಗೆ ತಗಲಿಕೊಂಡು, ಇಲ್ಲದ ಹಾರ್ಮೋನನ್ನು ಇದೆಯೆಂದು ತೋರಿಸುವುದುಂಟು. ಮಾಸಿನ ಕೋಶಗಳಿಂದ ಹುಟ್ಟುವ ಒಂದು ಬಗೆಯ ಕ್ಯಾನ್ಸರಿನಲ್ಲಿಯೂ ಇದೇ ಹಾರ್ಮೋನು ಕಾಣುವುದರಿಂದ ಈ ಭ್ರಮೆ ಅಪಾಯಕರ. ರಾಟ್‌ಮೆನ್ಶ್ ಮತ್ತು ಕೋಲ್ ಎಂಬ ಸಂಶೋಧಕರು 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂತಹ 12 ಮಂದಿ ಮಹಿಳೆಯರ ವೃತ್ತಾಂತವನ್ನು ಪ್ರಕಟಿಸಿದರು. ಇಲ್ಲದ ರೋಗಕ್ಕಾಗಿ ಅವರಲ್ಲಿ ಬಹುಮಂದಿ ಉಗ್ರ ಔಷಧಗಳಿಗೂ ಶಸ್ತ್ರಚಿಕಿತ್ಸೆಗೂ ಒಳಗಾಗಿದ್ದರು. ಗಾತ್ರದಲ್ಲಿ ದೊಡ್ಡವಾದ ಈ ಪ್ರತಿಕಾಯಗಳು ಮೂತ್ರಪಿಂಡವನ್ನು ದಾಟಲಾರವು. ಎಂದರೆ, ರಕ್ತವು ಆಡಿದ ಸುಳ್ಳನ್ನು ಅಗ್ಗದ ಮೂತ್ರಪರೀಕ್ಷೆಯೇ ಹೊರಗೆಡಹಬಲ್ಲದು. ಲೆಕ್ಕದ ಎರಡು ಪುಸ್ತಕಗಳು ತಾಳೆಯಾಗದಿದ್ದಾಗ ದೊಡ್ಡ ಪುಸ್ತಕವೇ ಸರಿಯೆಂದು ಭಾವಿಸಲಾಗದು, ಎರಡನ್ನೂ ಶೋಧಿಸಬೇಕು.

ಕೊನೆಯದಾಗಿ, ‘ಹೌದು’ ಎಂಬ ಉತ್ತರದ ಮೇರೆಯನ್ನೂ ಅರಿಯಬೇಕು. ಗರ್ಭಪಾತವಾದ ಕೆಲವು ವಾರಗಳವರೆಗೂ, ಸಂತಾನಕ್ಕಾಗಿ ಇದೇ ಹಾರ್ಮೋನಿನ ಚುಚ್ಚುಮದ್ದು ಪಡೆದ ಕೆಲವು ದಿನಗಳವರೆಗೂ ಪಟ್ಟಿಯು ಹೌದೆನ್ನಬಹುದು. ಗರ್ಭವು ಅಂಡನಾಳದಲ್ಲಿ ಸಿಕ್ಕಿಕೊಂಡಿದ್ದರೂ ಉತ್ತರ ಅದೇ. ಹೊಟ್ಟೆನೋವು, ರಕ್ತಸ್ರಾವ ಅಥವಾ ತಲೆಸುತ್ತು ಇದ್ದಲ್ಲಿ ಪಟ್ಟಿಯ ಗೆರೆಯನ್ನು ನೋಡಿ ಸಮಾಧಾನಪಡದೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಗರ್ಭವು ಎಲ್ಲಿದೆಯೆಂಬುದನ್ನು ತಿಳಿಸುವುದು ಸ್ಕ್ಯಾನಿಂಗ್ ಪರೀಕ್ಷೆ. ಆ ಕಾರ್ಯವು ಪಟ್ಟಿಯಿಂದಾಗಲಿ ಒಂದು ಬಾರಿಯ ರಕ್ತಪರೀಕ್ಷೆಯಿಂದಾಗಲಿ ಆಗುವಂತಹದಲ್ಲ.