ಹಸಿರು ಚುಕ್ಕಿ ಹೇಳದ ಮಾತು

ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಬೇಕಾ, ಬೇಡವಾ? ಒಂದು ರಾತ್ರಿ ಇದೇ ಪ್ರಶ್ನೆ ಇಟ್ಟುಕೊಂಡು ನಾನು ಒಂದು ಗಂಟೆ ಚರ್ಚೆ ನಡೆಸಿದ್ದೆ. ನಾಲ್ಕು ಜನ ಅತಿಥಿಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸ್ತಿರಲಿಲ್ಲ. ಕೆಲವೊಮ್ಮೆ ನನಗೂ ಕೇಳಿಸ್ತಿರಲಿಲ್ಲ. ಚರ್ಚೆ ಮುಗೀತು, ಮೇಕಪ್ ಒರೆಸಿಕೊಂಡು ಎಲ್ಲರೂ ಕ್ಯಾಂಟೀನ್‌ಗೆ ಹೋದ್ವಿ. ಸಸ್ಯಾಹಾರದ ಪರ ಇದ್ದವರು, ಮೊಟ್ಟೆಯ ಪರ ಇದ್ದವರು ಒಂದೇ ಟೇಬಲ್‌ನಲ್ಲಿ ಕೂತು ತಿಂದದ್ದೇನು ಗೊತ್ತಾ? ವೆಜ್ ಪಫ್, ಬೆಣ್ಣೆ ಬಿಸ್ಕತ್ತು, ಎರಡೆರಡು ಚಮಚ ಸಕ್ಕರೆ ಹಾಕಿದ ಕಾಫಿ. ನಾನೂ ತಿಂದೆ. ಅದೊಂದು ವಿಷಯದಲ್ಲಿ ನಮ್ಮಲ್ಲಿ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ.

ಅದಾದ ತಿಂಗಳಿಗೆ ಆಫೀಸಿನಲ್ಲಿ ವಾರ್ಷಿಕ ಆರೋಗ್ಯ ತಪಾಸಣೆ. ನನ್ನ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ ಅನ್ನೋ ಸಾಲಿನ ಮುಂದೆ 6.1 ಅಂತ ಇತ್ತು. ಇದು ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ. 5.7ರ ಒಳಗಿದ್ದರೆ ಸರಿ, 6.5 ದಾಟಿದರೆ ಮಧುಮೇಹ. ನಾನು ಮಧ್ಯದಲ್ಲಿ, ಹೊಸ್ತಿಲ ಮೇಲೆ ನಿಂತಿದ್ದೆ. ವಯಸ್ಸು ಮೂವತ್ತಾರು.

"ಡಾಕ್ಟ್ರೇ, ನಾನು ಹುಟ್ಟಿದಾಗಿನಿಂದ ಪ್ಯೂರ್ ವೆಜ್" ಅಂದೆ.

ಅವರು ತಲೆ ಎತ್ತದೇ ಹೇಳಿದ್ರು: "ಮೈದಾನೂ ಪ್ಯೂರ್ ವೆಜ್ಜೇ. ಸಕ್ಕರೆನೂ ಪ್ಯೂರ್ ವೆಜ್ಜೇ."

ಈ ಎರಡು ವಾಕ್ಯ ಇವತ್ತಿನ ನನ್ನ ವಿಷಯ.

ಪ್ಯಾಕೆಟ್ ಮೇಲೆ ಹಸಿರು ಚೌಕದೊಳಗೆ ಒಂದು ಹಸಿರು ಚುಕ್ಕಿ ಇರುತ್ತೆ, ಗಮನಿಸಿದ್ದೀರಾ? ಒಳಗೆ ಮಾಂಸ, ಮೀನು, ಮೊಟ್ಟೆ ಇಲ್ಲ ಅನ್ನೋದಷ್ಟೇ ಅದರ ಅರ್ಥ. ಚಿಪ್ಸ್ ಪ್ಯಾಕೆಟ್ಟಿಗೂ ಅದೇ ಚುಕ್ಕಿ, ಬಿಸ್ಕತ್ತಿಗೂ ಅದೇ, ಎರಡು ನಿಮಿಷದ ನೂಡಲ್ಸಿಗೂ ಅದೇ, ಕಡಲೆಬೇಳೆಗೂ ಅದೇ. ಹಸಿರು ಅಂದ ಕೂಡಲೇ ನಮ್ಮ ಮನಸ್ಸು ಆರೋಗ್ಯ ಅಂತ ಓದಿಕೊಳ್ಳುತ್ತೆ. ಚುಕ್ಕಿ ಹಾಗಂತ ಹೇಳಿಯೇ ಇಲ್ಲ.

ಇತ್ತೀಚೆಗೆ ಡಾಕ್ಟರ್‌ಗಳ ಬಾಯಲ್ಲಿ, ಫೋನಿನ ವಿಡಿಯೋಗಳಲ್ಲಿ 'ಹೋಲ್ ಫುಡ್ ಪ್ಲಾಂಟ್ ಬೇಸ್ಡ್' ಅನ್ನೋ ಮಾತು ಕೇಳ್ತಿದ್ದೀವಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿ ಟಿ. ಕಾಲಿನ್ ಕ್ಯಾಂಪ್‌ಬೆಲ್ ಅಂಥವರಿಂದ ಜನಪ್ರಿಯವಾದ ಮಾತು ಇದು. ಬಹಳ ಜನ ಇದರಲ್ಲಿ ಎರಡನೇ ಅರ್ಧವನ್ನ ಮಾತ್ರ ಕೇಳಿಸಿಕೊಳ್ತಾರೆ. 'ಪ್ಲಾಂಟ್' ಅಂದ್ರೆ ಸಸ್ಯ, ಅದು ನಾವು ಆಗಲೇ ತಿಂತಿದ್ದೀವಲ್ಲ ಅಂತ ಸುಮ್ಮನಾಗ್ತಾರೆ. ಆದ್ರೆ ಭಾರ ಇರೋದು ಮೊದಲನೇ ಅರ್ಧದಲ್ಲಿ. ಹೋಲ್. ಇಡಿಯಾಗಿ. ಕಾಳು ಹೊಲದಿಂದ ಬಂದ ಹಾಗೆ, ಹಣ್ಣು ಮರದಿಂದ ಬಂದ ಹಾಗೆ, ಆದಷ್ಟೂ ಏನನ್ನೂ ಕಿತ್ತುಹಾಕದೆ ತಿನ್ನೋದು.

ಕಿತ್ತುಹಾಕೋದು ಅಂದ್ರೆ ಏನು? ಒಂದು ಭತ್ತದ ಕಾಳು ತಗೊಳ್ಳಿ. ಹೊಟ್ಟು ತೆಗೆದ ಮೇಲೆ ಒಳಗಿನ ಅಕ್ಕಿಗೆ ಮೂರು ಭಾಗ. ಹೊರಗೆ ತೌಡಿನ ಪದರ, ತುದಿಯಲ್ಲಿ ಮೊಳಕೆ ಬರುವ ಭಾಗ, ನಡುವೆ ಬಿಳಿ ಪಿಷ್ಟ. ನಾರು, ಬಿ ಜೀವಸತ್ವ, ಖನಿಜ ಹೆಚ್ಚಾಗಿ ಇರೋದು ಮೊದಲಿನ ಎರಡರಲ್ಲಿ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಾಗ ಆ ಎರಡೂ ಹೋಗುತ್ತೆ. ತೌಡು ದನಕ್ಕೆ, ಪಿಷ್ಟ ನಮಗೆ. ದನ ಬುದ್ಧಿವಂತ ಅಂತ ನಾನು ಹೇಳ್ತಿಲ್ಲ, ಲೆಕ್ಕ ಹೇಳ್ತಿದ್ದೀನಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಇಡೀ ಗೋಧಿ ಹಿಟ್ಟಿನಲ್ಲಿ ಸುಮಾರು 11, ಅದೇ ಗೋಧಿಯಿಂದ ಬರುವ ಮೈದಾದಲ್ಲಿ ಮತ್ತೆ 3ರೊಳಗೆ.

ನಾರು ಯಾಕೆ ಬೇಕು? ನಾನು ಓದಿದ್ದು ಎಂಜಿನಿಯರಿಂಗ್, ನನಗೆ ಇದು ಅರ್ಥವಾಗಿದ್ದು ಕೆರೆಯ ತೂಬಿನ ಲೆಕ್ಕದಲ್ಲಿ. ಕೆರೆಯಲ್ಲಿ ಇರೋದು ಅಷ್ಟೇ ನೀರು. ತೂಬಿನಿಂದ ಬಿಟ್ಟರೆ ಗದ್ದೆಗೆ ನಿಧಾನವಾಗಿ ಹರಿಯುತ್ತೆ. ಏರಿ ಒಡೆದರೆ ಗದ್ದೆಯೇ ಕೊಚ್ಚಿಕೊಂಡು ಹೋಗುತ್ತೆ. ಕಾಳಿನ ನಾರು, ಕಾಳಿನ ಗಟ್ಟಿತನ ಆ ತೂಬು. ಅದಿದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ. ಕಿತ್ತ್ಲೆ ಹಣ್ಣು ತಿನ್ನೋದಕ್ಕೂ ಅದರ ಜ್ಯೂಸ್ ಕುಡಿಯೋದಕ್ಕೂ ಇರೋ ವ್ಯತ್ಯಾಸ ಇದೇ.

ಕಿತ್ತುಹಾಕಿದ್ದರ ಬೆಲೆ ಏನು ಅನ್ನೋದನ್ನ ಜಗತ್ತಿಗೆ ಮೊದಲು ತೋರಿಸಿದ್ದು ಕೋಳಿಗಳು. 1890ರ ದಶಕ, ಜಾವಾ ದ್ವೀಪ. ಅಲ್ಲಿ ಬೆರಿಬೆರಿ ಅನ್ನೋ ಕಾಯಿಲೆ. ಕಾಲಿನ ಶಕ್ತಿ ಹೋಗ್ತಿತ್ತು, ಹೃದಯ ಸೋಲ್ತಿತ್ತು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಇದು ರೋಗಾಣುವಿಂದ ಬರುತ್ತೆ ಅಂತ ಹುಡುಕ್ತಿದ್ದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ತಿಂತಿದ್ದ ಕೋಳಿಗಳಿಗೂ ಅಂಥದ್ದೇ ಕಾಯಿಲೆ ಬಂತು. ಆಮೇಲೆ ಅಡುಗೆಯವನು ಬದಲಾದ. ಮಿಲಿಟರಿ ಅನ್ನವನ್ನ ಕೋಳಿಗೆ ಯಾಕೆ ಹಾಕಬೇಕು ಅಂತ ನಿಲ್ಲಿಸಿಬಿಟ್ಟ. ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಸಿಕ್ತು, ಕೋಳಿಗಳು ಎದ್ದು ನಿಂತವು! ತೌಡಿನಲ್ಲಿ ಇದ್ದದ್ದು ಇವತ್ತು ನಾವು ಬಿ1 ಅಂತ ಕರೆಯೋ ಜೀವಸತ್ವ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ನಮ್ಮ ಕರಾವಳಿಯವರು ಭತ್ತವನ್ನ ಕುದಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡ್ತಾರೆ. ಕುಚ್ಚಲಕ್ಕಿ. ಹಾಗೆ ಕುದಿಸಿದಾಗ ತೌಡಿನ ಬಿ ಜೀವಸತ್ವ ಒಂದಷ್ಟು ಕಾಳಿನ ಒಳಕ್ಕೆ ಇಳಿಯುತ್ತೆ. ಯಾವ ಲ್ಯಾಬೂ ಇಲ್ಲದ ಕಾಲದಿಂದ ನಡೆದುಕೊಂಡು ಬಂದ ಪದ್ಧತಿ. ಬಯಲುಸೀಮೆಯ ಮುದ್ದೆ, ಬಸ್ಸಾರು, ಉಪ್ಸಾರು, ಹುರುಳಿಕಾಳು. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಅಮೆರಿಕದಲ್ಲಿ ದುಡ್ಡು ಕೊಟ್ಟು ಕಲಿಯೋದನ್ನ ನಮ್ಮ ಅಜ್ಜಿಯರು ಒಲೆ ಮುಂದೆ ಮಾಡಿಟ್ಟಿದ್ದರು. ಆದ್ರೆ ನಾವೇನು ಮಾಡಿದ್ವಿ? ರಾಗಿಯನ್ನ ಬಡವರ ಊಟ ಅಂದ್ವಿ, ಹುರುಳಿಯನ್ನ ಕುದುರೆಗೆ ಅಂದ್ವಿ. ಅಪ್ಪನಿಗೆ ಕೆಲಸ ಸಿಕ್ಕಿ ನಮ್ಮ ಮನೆ ತುಮಕೂರಿಗೆ ಬಂದಾಗ ಮೊದಲು ಬದಲಾಗಿದ್ದೇ ಊಟ. ಎರಡು ಹೊತ್ತು ಬಿಳಿ ಅನ್ನ. ಅದು ನಮಗೆ ಏಳಿಗೆಯ ಗುರುತಾಗಿತ್ತು.

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದ್ರೆ ಐಸಿಎಂಆರ್ ಬೆಂಬಲದ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯ್ತು. ಅದರ ಅಂದಾಜಿನಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, ಇನ್ನೂ 13.6 ಕೋಟಿ ಜನ ನನ್ನ ಹಾಗೆ ಹೊಸ್ತಿಲ ಮೇಲೆ. ಅದೇ ಅಧ್ಯಯನದ ಊಟದ ಲೆಕ್ಕ 2025ರಲ್ಲಿ ಬಂತು. ನಮ್ಮ ಶಕ್ತಿಯ ಸುಮಾರು 62 ಪರ್ಸೆಂಟ್ ಪಿಷ್ಟ, ಸಕ್ಕರೆಯಿಂದಲೇ ಬರ್ತಿದೆ. ಪ್ರೋಟೀನಿನಿಂದ ಬರೋದು 12 ಪರ್ಸೆಂಟ್ ಮಾತ್ರ.

ಹಾಗಾದ್ರೆ ಅಕ್ಕಿ ಬಿಟ್ಟು ರಾಗಿ ಹಿಟ್ಟು ತಂದರೆ ಮುಗೀತಾ? ಇಲ್ಲೇ ಎಡವೋದು. ಅದೇ ಅಧ್ಯಯನ ಇನ್ನೊಂದು ಮಾತು ಹೇಳಿತು. ಬಿಳಿ ಅಕ್ಕಿಯ ಜಾಗದಲ್ಲಿ ಅಷ್ಟೇ ಪ್ರಮಾಣದ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ಇಟ್ಟ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆ ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನ ಇಳಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲು, ಮೊಸರಿನಂಥ ಪ್ರೋಟೀನ್ ಬಂದಾಗ ಅಪಾಯ ಕಡಿಮೆ ಕಂಡಿತು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ, ನಾರಿದೆ, ಎಲ್ಲ ನಿಜ. ಆದ್ರೆ ನುಣ್ಣಗೆ ಬೀಸಿ, ಬೆಲ್ಲ ಹಾಕಿ, ಮಾಲ್ಟ್ ಮಾಡಿ ದಿನಾ ಎರಡು ಲೋಟ ಕುಡಿದ್ರೆ ತೂಬನ್ನ ನೀವೇ ಕಿತ್ತ ಹಾಗೆ.

ತಟ್ಟೆ ಹೇಗಿರಬೇಕು ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಬರೆದಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಬೀಜಗಳು 35 ಗ್ರಾಂ, ಹಾಲು 300 ಮಿಲಿ ಲೀಟರ್. ಮಾಂಸ, ಮೊಟ್ಟೆ ತಿನ್ನೋರಿಗೆ ಅದು ಬೇಳೆಕಾಳಿನ ಲೆಕ್ಕದಲ್ಲೇ ಬರುತ್ತೆ. ಧಾನ್ಯಕ್ಕಿಂತ ತರಕಾರಿ ಜಾಸ್ತಿ, ಗಮನಿಸಿ. 250 ಗ್ರಾಂ ಅಂದ್ರೆ ಹೆಚ್ಚುಕಡಿಮೆ ಒಂದು ಪಾವು. ಬೆಳಗಿನ ದೋಸೆ, ಮಧ್ಯಾಹ್ನದ ಅನ್ನ, ರಾತ್ರಿಯ ಚಪಾತಿ ಎಲ್ಲ ಸೇರಿ ಒಂದು ಪಾವು! ನಮ್ಮ ತಟ್ಟೆಯಲ್ಲಿ ಅನ್ನ ಬೆಟ್ಟ, ಪಲ್ಯ ಬೆಟ್ಟದ ಬುಡದಲ್ಲಿ ಇಟ್ಟ ಕುಂಕುಮದ ಹಾಗೆ.

ಇನ್ನು ಅಪ್ಪನ ವಿಷಯಕ್ಕೆ ಬರ್ತೀನಿ. ಇದನ್ನ ಹೇಳದೆ ಈ ಲೇಖನ ಮುಗಿಸಿದರೆ ತಪ್ಪಾಗುತ್ತೆ.

ನನ್ನ ರಿಪೋರ್ಟ್ ಬಂದ ಮೇಲೆ ಒಂದಷ್ಟು ಓದಿ, ಉತ್ಸಾಹದಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದೆ. "ಅನ್ನ ಕಡಿಮೆ ಮಾಡಿ, ಸೊಪ್ಪು ಕಾಳು ತಿನ್ನಿ" ಅಂತ ಗಟ್ಟಿಯಾಗಿ ಹೇಳಿದೆ. ಅಪ್ಪ ತುಮಕೂರಿನಲ್ಲಿ ಕೂತು ನೋಡಿದ್ರು. ಅವರಿಗೆ ಹತ್ತು ವರ್ಷದಿಂದ ಶುಗರ್ ಇದೆ, ಮಾತ್ರೆ ಇದೆ. ಮಾರನೇ ದಿನದಿಂದ ರಾತ್ರಿ ಅನ್ನ ಬಂದ್, ಒಂದು ಬಟ್ಟಲು ಕೋಸಂಬರಿ ಅಷ್ಟೇ. ಮಾತ್ರೆ ಮಾತ್ರ ಅಷ್ಟೇ ಡೋಸ್. ನಾಲ್ಕನೇ ದಿನ ಬೆಳಗಿನ ಜಾವ ಮೂರು ಗಂಟೆಗೆ ಅಮ್ಮನ ಫೋನ್. ಅಪ್ಪ ಬೆವೆತು ಒದ್ದೆಯಾಗಿದ್ರು, ಮಾತು ತೊದಲ್ತಿತ್ತು. ಮನೆಯ ಮೀಟರಿನಲ್ಲಿ ಸಕ್ಕರೆ 52. ಅಮ್ಮ ಸಕ್ಕರೆ ನೀರು ಕುಡಿಸಿದ್ದಕ್ಕೆ ಉಳಿದರು. ಬೆಳಗ್ಗೆ ನಾನು ಆಸ್ಪತ್ರೆಗೆ ಓಡಿಹೋದಾಗ ಅಪ್ಪ ಸಿಟ್ಟಿಲ್ಲದೆ ಕೇಳಿದ್ರು, "ನೀನೇ ಹೇಳಿದ್ಯಲ್ಲೋ, ಟಿವೀಲಿ?"

ನಾನು ಹೇಳಿದ್ದೆ. ಅರ್ಧ ಹೇಳಿದ್ದೆ. ಇನ್ನರ್ಧ ಇವತ್ತು ಹೇಳ್ತೀನಿ.

ಇನ್ಸುಲಿನ್ ತಗೊಳ್ಳೋರು, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗೋರು ಊಟ ಬದಲಾಯಿಸುವ ಮೊದಲು ಡಾಕ್ಟರ್ ಹತ್ರ ಹೋಗಿ. ಊಟ ಇಳಿದರೆ ಔಷಧಿಯ ಡೋಸೂ ಇಳಿಯಬೇಕಾಗಬಹುದು. ಅದನ್ನ ಅವರು ನಿರ್ಧಾರ ಮಾಡಲಿ, ನೀವಲ್ಲ, ನಾನಂತೂ ಅಲ್ಲ. ಮಾತ್ರೆಯನ್ನ ನೀವಾಗಿ ನಿಲ್ಲಿಸೋದೂ ಅಷ್ಟೇ ಅಪಾಯ. ಕಿಡ್ನಿ ತೊಂದರೆ ಇರೋರಿಗೆ ಕೆಲವು ಸೊಪ್ಪು, ಹಣ್ಣು, ಕಾಳು ಜಾಸ್ತಿ ಆಗಬಾರದು, ಯಾಕಂದ್ರೆ ಅವುಗಳಲ್ಲಿ ಪೊಟ್ಯಾಸಿಯಂ ಇರುತ್ತೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳೋರು ದಿಢೀರಂತ ಸೊಪ್ಪು ಹೆಚ್ಚಿಸಿದರೆ ಔಷಧಿಯ ಕೆಲಸ ಏರುಪೇರಾಗುತ್ತೆ.

ಹಾಲು, ಮೊಸರನ್ನೂ ಬಿಟ್ಟು ಪೂರ್ತಿ ಸಸ್ಯದ ಆಹಾರಕ್ಕೆ ಹೋಗ್ತೀನಿ ಅನ್ನೋರು ಬಿ12 ಮಾತ್ರೆ ತಗೊಳ್ಳಲೇಬೇಕು. ಸೊಪ್ಪು, ಕಾಳುಗಳಲ್ಲಿ ಅದು ಸಿಗಲ್ಲ. ಕೊರತೆಯಾದ್ರೆ ಕಾಲು ಜೋಮು ಹಿಡಿಯುತ್ತೆ, ಮರೆವು ಬರುತ್ತೆ. ಬಹಳ ವರ್ಷ ಮೆಟ್‌ಫಾರ್ಮಿನ್ ತಗೊಂಡ ಶುಗರ್ ರೋಗಿಗಳಲ್ಲೂ ಬಿ12 ಕಡಿಮೆಯಾಗಬಹುದು, ಒಮ್ಮೆ ಪರೀಕ್ಷೆ ಮಾಡಿಸಿ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದ್ರೆ ಮೇಲೆ ನಿಂಬೆಹಣ್ಣು ಹಿಂಡಿ, ಊಟದ ಜೊತೆಗೇ ಕಾಫಿ ಟೀ ಬೇಡ.

ಇದು ಪವಾಡ ಅಂತಲೂ ಅಲ್ಲ. ಅಮೆರಿಕದ ವೈದ್ಯ ಡೀನ್ ಆರ್ನಿಷ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೃದಯದ ರಕ್ತನಾಳದ ಅಡಚಣೆ ಸ್ವಲ್ಪ ಕರಗಿದ್ದು ಕಂಡಿತ್ತು. ಅದು ದೊಡ್ಡ ಸುದ್ದಿ. ಆದ್ರೆ ಅದರಲ್ಲಿದ್ದದ್ದು 48 ಜನ ಮಾತ್ರ. ಚಿಕಿತ್ಸೆ ಪಡೆದವರು ಕೊಬ್ಬು ಕಡಿಮೆಯ ಸಸ್ಯಾಹಾರದ ಜೊತೆಗೆ ವ್ಯಾಯಾಮ, ಧ್ಯಾನ ಮಾಡ್ತಿದ್ದರು, ಸಿಗರೇಟು ಬಿಟ್ಟಿದ್ದರು. ಎಲ್ಲ ಸೇರಿ ಬಂದ ಫಲ ಅದು.

ಮಾಂಸ ತಿನ್ನುವ ವೀಕ್ಷಕರಿಗೆ ಒಂದು ಮಾತು. ವಾರಕ್ಕೊಮ್ಮೆ ಮುದ್ದೆ, ನಾಟಿಕೋಳಿ ಸಾರು ತಿಂದು ಉಳಿದ ದಿನ ಸೊಪ್ಪುಸಾರು, ಕಾಳುಸಾರು ಉಣ್ಣೋ ರೈತ, ದಿನಾ ಪಫ್ ತಿನ್ನೋ ನನ್ನಂಥ ಪ್ಯೂರ್ ವೆಜ್ ಆಂಕರ್‌ಗಿಂತ ಈ ಆಹಾರಕ್ರಮಕ್ಕೆ ಹತ್ತಿರ ಇದ್ದಾನೆ. ಸಸ್ಯಾಹಾರವನ್ನ ನಾವು ಜಾತಿಯ ಸರ್ಟಿಫಿಕೇಟ್ ಮಾಡಿಕೊಂಡ್ವಿ. ನಮ್ಮ ರಕ್ತನಾಳ ಅದನ್ನ ಓದಲ್ಲ.

ನಾನು ಮಾಡಿದ್ದು ಇಷ್ಟೇ. ಮೊದಲು ಪಲ್ಯ, ಕೋಸಂಬರಿ ಬಡಿಸಿಕೊಳ್ಳೋದು, ಆಮೇಲೆ ಅನ್ನ. ಅನ್ನದ ಅರ್ಧ ಜಾಗ ಕಾಳಿಗೆ. ಸ್ಟುಡಿಯೋಗೆ ಹುರಿದ ಶೇಂಗಾ, ಒಂದು ಸೀಬೆಹಣ್ಣು. ಕಾಫಿಗೆ ಸಕ್ಕರೆ ಇಲ್ಲ. ರಾತ್ರಿ ಊಟ ಆದ ಮೇಲೆ ಇಪ್ಪತ್ತು ನಿಮಿಷ ನಡಿಗೆ. ಆರು ತಿಂಗಳಿಗೆ 6.1 ಇದ್ದದ್ದು 5.8ಕ್ಕೆ ಬಂತು. ಹೊಸ್ತಿಲು ಇನ್ನೂ ಪೂರ್ತಿ ದಾಟಿಲ್ಲ. ಎಷ್ಟು ಪಾಲು ಊಟದ್ದು, ಎಷ್ಟು ನಡಿಗೆಯದ್ದು ಅಂತ ಬಿಡಿಸಿ ಹೇಳೋಕೂ ಆಗಲ್ಲ. ಅಪ್ಪನದು ಈಗ ಡಾಕ್ಟರ್ ಬರೆದುಕೊಟ್ಟ ಲೆಕ್ಕ. ರಾತ್ರಿ ಒಂದು ಸಣ್ಣ ಮುದ್ದೆ, ಬಸ್ಸಾರು, ಮಾತ್ರೆ ಅರ್ಧ.

ನಾಳೆ ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. 'ರಾಗಿ ಬಿಸ್ಕತ್ತು' ಅಂತ ದೊಡ್ಡದಾಗಿ ಬರೆದ ಪ್ಯಾಕೆಟ್ ಎತ್ತಿಕೊಳ್ಳಿ. ಹಸಿರು ಚುಕ್ಕಿ ನೋಡಿದ್ದು ಸಾಕು, ಹಿಂದೆ ತಿರುಗಿಸಿ. ಒಳಗೆ ಏನೇನಿದೆ ಅನ್ನೋದನ್ನ ತೂಕದ ಪ್ರಕಾರ, ಜಾಸ್ತಿ ಇರೋದನ್ನ ಮೊದಲು ಬರೆಯಬೇಕು ಅನ್ನೋದು ನಿಯಮ. ಮೊದಲ ಹೆಸರು ರಾಗಿಯದ್ದಾ, ಮೈದಾದ್ದಾ, ನೀವೇ ಓದಿ. ಆಮೇಲೆ ಬುಟ್ಟಿಗೆ ಹಾಕೋದೋ, ವಾಪಸ್ ಇಡೋದೋ ನಿಮಗೆ ಬಿಟ್ಟಿದ್ದು.